ಕೊಟ್ಟಿಗೆ ಸೇರಿದ ಕತ್ತರಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಉಳವಿಯ ದಾರಿಯ ಒಂದು ಹಳ್ಳಿಯಲ್ಲಿ ಸರಕಾರಿ ದಾದಿಯಾಗಿದ್ದೆ. ಮಳೆ ಹಿಡಿಯಿತೆಂದರೆ ನನ್ನ ಕೋಣೆಯ ಗೋಡೆ ಬೆವರುತ್ತಿತ್ತು. ಹೆರಿಗೆಗೆಂದು ನನ್ನ ಹತ್ತಿರ ಇದ್ದದ್ದು ಉಕ್ಕಿನ ಒಂದು ಕತ್ತರಿ, ಎರಡು ಇಕ್ಕಳ. ಕುದಿಸಿ, ಒರೆಸಿ, ಬಾಯಿ ತೆರೆದಿಟ್ಟು ಆರಿಸಿ, ಕೀಲಿಗೆ ಎಣ್ಣೆ ಹಚ್ಚಿ ಅರಿವೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೂ ಕೆಲವೇ ದಿನಗಳಲ್ಲಿ ಕೆಂಪು ಚುಕ್ಕೆ ಏಳುತ್ತಿದ್ದವು. ಇಲಾಖೆಗೆ ಬರೆದು ಹೊಸದು ಕೇಳಿದರೆ, ಮಳೆ ಮುಗಿಯಲಿ ಎಂಬ ಉತ್ತರ ಬಂತು.

ಪಕ್ಕದ ಮನೆಯಲ್ಲಿ ಒಲೆ ಆರುತ್ತಲೇ ಇರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದೆಲ್ಲ ಒಣಗಿಯೇ ಇರುತ್ತಿತ್ತು. ನನ್ನ ಡಬ್ಬಿಯನ್ನೂ ಅಲ್ಲಿಡಲೇ ಎಂದು ಆ ಮನೆಯ ಸೊಸೆಯನ್ನು ಕೇಳಿದೆ. ತೇರಗಾಂವದ ಹುಡುಗಿ, ಚೊಚ್ಚಲ ಬಸುರಿ. ಹೂಂ ಅಂದಳು. ಅವಳ ಅತ್ತೆಗೆ ಅದು ಸರಿಬರಲಿಲ್ಲ.

"ಹೆರಿಗಿ ಸಾಮಾನ ಒಲಿ ಮ್ಯಾಲ ಇಡ್ತಾರೇನ್ರಿ ಅಕ್ಕಾರ? ಇಲ್ಲಿ ಅನ್ನ ಬೇಯ್ತೈತಿ."

ಕುದಿಸಿದ ಮೇಲೆ ಅದಕ್ಕೆ ಮೈಲಿಗೆ ಉಳಿಯುವುದಿಲ್ಲ ಎಂದೆ. ಆಕೆ ರೊಟ್ಟಿ ತಟ್ಟತೊಡಗಿದಳು. ಡಬ್ಬಿ ಅಟ್ಟ ಸೇರಿತು. ಅದನ್ನು ನೋಡಲು ನಾನು ಹೋದಾಗಲೆಲ್ಲ ಆಕೆ ಎದ್ದು ಹಿತ್ತಲಿಗೆ ನಡೆಯುತ್ತಿದ್ದಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಸೊಸೆಯನ್ನು ಕಳಿಸುವ ಮೊದಲೇ ಹಳ್ಳ ತುಂಬಿ ಬಸ್ಸು ನಿಂತಿತು. ಲಸಿಕೆಯ ಕೆಲಸಕ್ಕೆ ಜೋಯಿಡಾಕ್ಕೆ ಹೋಗಿದ್ದ ನಾನೂ ಎರಡು ವಾರ ಅಲ್ಲೇ ಸಿಕ್ಕಿಬಿದ್ದೆ. ಕೊನೆಗೆ ನೀರು ತುಸು ಇಳಿದದ್ದೇ ನಡೆದು ಹೊರಟು ಊರು ಸಮೀಪಿಸಿದಾಗ ಮಧ್ಯಾಹ್ನ. ಆ ಹುಡುಗಿಯ ಗಂಡ ದಾರಿಯಲ್ಲೇ ಎದುರಾಗಿ, ಬೆಳಗಿನಿಂದ ನೋವು ತಿನ್ನುತ್ತಿದ್ದಾಳೆ ಎಂದ.

ಕೈ ತಿಕ್ಕಿ ತೊಳೆದು ಒಳಗೆ ಹೋದೆ. ಹೆರಿಗೆಗೆ ಇನ್ನು ಬಹಳ ಹೊತ್ತಿರಲಿಲ್ಲ. ಅಟ್ಟ ತಡಕಾಡಿದರೆ ಡಬ್ಬಿಯೇ ಇಲ್ಲ. ಅತ್ತೆ ನನ್ನ ಮುಖ ನೋಡಲಿಲ್ಲ.

"ಕೊಟ್ಟಿಗ್ಯಾಗ ಇಟ್ಟೇನ್ರಿ," ಎಂದಳು.

ಗಂಡ ಓಡಿ ತಂದ. ಸುತ್ತಿದ ಅರಿವೆ ತೊಯ್ದು ಕಂದಾಗಿತ್ತು. ಇಕ್ಕಳ ಕಚ್ಚಿಕೊಂಡಿದ್ದವು. ಕತ್ತರಿಗೆ ಬಲ ಹಾಕಿದೆ, ಅರ್ಧ ತೆರೆದು ನಿಂತಿತು. ಅಂಗೈಯೆಲ್ಲ ಕೆಂಪು ಪುಡಿ. ಅಲಗಿನ ಮೇಲೆ ತುಕ್ಕು ತರಿತರಿಯಾಗಿ ಎದ್ದಿತ್ತು. ಅದನ್ನು ಕುದಿಸಿದರೂ ನಂಬುವಂತಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಆದರೆ ಬಯ್ಯುವ ಹೊತ್ತಲ್ಲ. ಹುಡುಗಿ ಚಾಪೆಯ ಅಂಚು ಹಿಡಿದು ನರಳುತ್ತಿದ್ದಳು.

"ದಾಡಿ ಬ್ಲೇಡ್ ಐತೇನು? ಹೊಸಾದು, ಕಾಗದ ಬಿಚ್ಚಲಾರದ್ದು," ಎಂದು ಗಂಡನನ್ನು ಕೇಳಿದೆ.

ಇತ್ತು. ಮೇಣದ ಕಾಗದದೊಳಗೆ ಎಣ್ಣೆಯ ಪಸೆ ಆರದೆ ಮಿಂಚುತ್ತಿತ್ತು. ಅದನ್ನೂ ದಾರವನ್ನೂ ನೀರಿಗೆ ಹಾಕಿ ಕುದಿಸಿದೆವು. ಒಲೆ ಊದುತ್ತ ಕುಳಿತದ್ದು ಅತ್ತೆಯೇ. ಹೆಣ್ಣುಕೂಸು ಬಂತು, ಅತ್ತಿತು. ಹೊಕ್ಕುಳಬಳ್ಳಿಯನ್ನು ಎರಡು ಕಡೆ ಕಟ್ಟಿ ನಡುವೆ ಬ್ಲೇಡಿನಿಂದ ಕೊಯ್ದೆ.

ಅಲ್ಲಿಗೆ ಭಯ ಮುಗಿಯಲಿಲ್ಲ. ಧನುರ್ವಾಯು ತಗಲಿದರೆ ಕೂಸಿನ ಬಾಯಿ ಬಿಗಿದು ಹಾಲು ಚೀಪಲಾಗುವುದಿಲ್ಲ. ದಿನಾ ಬೆಳಿಗ್ಗೆ ಎದ್ದವಳೇ ಹೋಗಿ ಅದು ಹಾಲು ಕುಡಿಯುವುದನ್ನು ನೋಡುತ್ತ ಕೂರುತ್ತಿದ್ದೆ. ಯಾಕೆಂದು ಅತ್ತೆಗೂ ಹೇಳಿದ್ದೆ. ಆಕೆಯೂ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಕೂಸು ಮೊಲೆ ಬಿಟ್ಟು ಮುಖ ತಿರುವಿತು. ಮತ್ತೆ ಹಿಡಿಸಿದರೂ ಹಿಡಿಯಲಿಲ್ಲ. ಗದ್ದ ಒತ್ತಿ ನೋಡಿದೆ. ಮೆತ್ತಗಿತ್ತು. ಬಾಯಿ ಅಗಲಿಸಿ ಆಕಳಿಸಿತು. ಬರೀ ನಿದ್ದೆ.

"ಏನರ ಆಗಿದ್ದರ ನಾನ..." ಎಂದು ಅತ್ತೆ ಬಾಗಿಲಲ್ಲೇ ಕೂತುಬಿಟ್ಟಳು.

"ಆಗಿಲ್ಲಲ್ರಿ ಆಯಿ," ಎಂದೆ. ಸಿಟ್ಟು ಹೋಗಿತ್ತೆಂದಲ್ಲ.

ಹೊಕ್ಕುಳು ಒಣಗಿ ಬಿತ್ತು. ಅಟ್ಟದ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊಸ ಕತ್ತರಿ ಬರುವ ತನಕ ಬ್ಲೇಡುಗಳನ್ನೇ ತರಿಸಿಕೊಂಡೆ. ಸೀಮೆಎಣ್ಣೆ ಸ್ಟೋವ್ ಬದಿಗಿಟ್ಟು ನನ್ನ ಕೋಣೆಯ ಮೂಲೆಯಲ್ಲೇ ಮಣ್ಣಿನ ಒಲೆ ಹಾಕಿ, ಡಬ್ಬಿ ಇಡಲು ಮೇಲೊಂದು ಹಲಗೆ ಕಟ್ಟಿದೆ. ಮೊದಲ ದಿನ ಹಸಿ ಕಟ್ಟಿಗೆ ಹೊಗೆಯಾಡಿ ಕಣ್ಣು ಬಿಡಲಾಗಲಿಲ್ಲ. ಸಂಜೆ ಅತ್ತೆ ಒಂದು ಹೊರೆ ಒಣಕಟ್ಟಿಗೆ ತಂದು ಹೊಸ್ತಿಲ ಮೇಲೆ ಇಳಿಸಿ, ಒಳಗೆ ಬಾರದೆ ಹೋದಳು.