ಪಕ್ಕೀರವ್ವನ ಹೊಟ್ಟೆನೋವು

ತಳಕಲ್ಲಿನ ಪಕ್ಕೀರವ್ವ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಗಂಡ ಸತ್ತ ಮೇಲೆ ಹೊಲದ ಬದು ಸರಿಸಲು ಬಂದ ದಾಯಾದಿಗಳೆದುರು ಕುಡುಗೋಲು ಹಿಡಿದು ನಿಂತವಳು. ತನ್ನನ್ನೂ ಮಗ ಗಾದಿಲಿಂಗಪ್ಪನನ್ನೂ ಉಳಿಸಿದ್ದು ಈ ಸಂಶಯದ ಬುದ್ಧಿಯೇ ಎಂದು ಅವಳು ತಿಳಿದಿದ್ದಳು. ಹಾಗಾಗಿ ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಟ್ಟೆನೋವು ಶುರುವಾದಾಗ ಅವಳ ಕಣ್ಣು ಮೊದಲು ಹೋದದ್ದು ಸೊಸೆ ದುರುಗವ್ವನ ಕೈಗಳ ಮೇಲೆ.

ಅದು ಸಾಧಾರಣ ನೋವಲ್ಲ, ಕರುಳು ಹಿಂಡಿದಂಥ ನೋವು. ಬಾಯಲ್ಲಿ ಸದಾ ತಾಮ್ರದ ದುಡ್ಡು ಇಟ್ಟುಕೊಂಡಂಥ ರುಚಿ. ಮುಖ ಬಿಳಿಚಿತು. ರೊಟ್ಟಿ ಬಡಿಯಲು ಕೂತರೆ ಕೈ ಸೋಲುತ್ತಿತ್ತು. ಸೊಸೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಗನಿಗಂತೂ ಏನೂ ಆಗಿರಲಿಲ್ಲ. ಅವನು ಹುಳಿಸೊಪ್ಪಿನ ಪುಂಡಿಪಲ್ಯ ಕಂಡರೆ ಮೂಗು ಮುರಿದು, ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವವನು.

“ಮದ್ದು ಹಾಕ್ಯಾಳ ನಿನಗ,” ಎಂದಳು ಪಕ್ಕದ ಮನೆಯ ಮುದಕಮ್ಮ. “ಗಂಡನ್ನ ಬಿಟ್ಟು ಅತ್ತೀಗೆ ಹಾಕ್ಯಾಳ ಅಂದ್ರ ನೀನ ತಿಳಕೋ.”

ಪಕ್ಕೀರವ್ವ ಕಾಯತೊಡಗಿದಳು. ಸೊಸೆ ಒಲೆಯ ಮುಂದೆ ಕೂತರೆ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ನೀರಿಗೆ ಹೋದಾಗ ಅವಳ ಗಂಟು ಬಿಚ್ಚಿ ಹುಡುಕಿದಳು. ಏನೂ ಸಿಗಲಿಲ್ಲ. ಸಿಗದಿದ್ದುದರಿಂದ ಸಂಶಯ ಇನ್ನೂ ಬಲಿಯಿತು. ಕುಷ್ಟಗಿಯಲ್ಲಿ ಮದ್ದು ತೆಗೆಯುವವನೊಬ್ಬನಿದ್ದ. ಅವನು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಕರಿಯ ಗಂಟೊಂದನ್ನು ತೋರಿಸಿದ. ಅದು ಅವನ ಬೆರಳ ಸಂದಿಯಿಂದ ಬಿದ್ದಂತೆ ಪಕ್ಕೀರವ್ವನಿಗೆ ಕಂಡಿತು. ಅವನ ಮೇಲೆ ನಂಬಿಕೆ ಹೋಯಿತು, ಸೊಸೆಯ ಮೇಲಿನ ಗುಮಾನಿ ಹೋಗಲಿಲ್ಲ.

ಕೊನೆಗೆ ವಿರೂಪಾಪುರಗಡ್ಡೆಯ ಅಣ್ಣ ವಿರುಪಣ್ಣನ ಮನೆಗೆ ಹೋಗಿ ಉಳಿದಳು. ಅಲ್ಲಿ ಮಣ್ಣಿನ ಗಡಿಗೆಯಲ್ಲಿ ಬೆಂದ ಅನ್ನ ಉಂಡು, ಹೊಳೆಯ ಗಾಳಿಗೆ ಮೈಯೊಡ್ಡಿ ಕೂತಳು. ನೋವು ಮೆಲ್ಲಗೆ ಇಳಿಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಸೊಸೆಯನ್ನು ತವರಿಗೆ ಅಟ್ಟಬೇಕೆಂದೇ ಅವಳು ಊರಿಗೆ ಮರಳಿದಳು.

ಮನೆಯಲ್ಲಿ ದುರುಗವ್ವ ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು. ಆಗಷ್ಟೇ ನಿಂತಿದ್ದ ಬಸಿರು ಇಳಿದುಹೋಗಿತ್ತು.

“ನಿಮಗ ಬಂದ ನೋವ ನನಗೂ ಐತ್ರಿ ಅತ್ತಿ. ಭಾಳ ದಿನಾ ಆತು.”

“ಮತ್ತ ಯಾಕ ಹೇಳಲಿಲ್ಲ?”

ದುರುಗವ್ವ ಗೋಡೆಯ ಕಡೆ ಹೊರಳಿದಳು. “ನೀವ ಏನರ ಹಾಕೀರಿ ಅಂತ ಅನ್ಕೊಂಡಿದ್ದೆ.”

ಪಕ್ಕೀರವ್ವನಿಗೆ ಅದನ್ನು ನಂಬಲು ಮನಸ್ಸಾಗಲಿಲ್ಲ.

“ಹಂಗಾರ ನಾಳಿಂದ ನಾನ ಅಡಗಿ ಮಾಡ್ತೀನಿ. ನೀ ಮುಂದ ಕುಂತು ನೋಡು. ಇಬ್ರೂ ಒಂದ ತಾಟಿನ್ಯಾಗ ಉಣ್ಣೂಣು.”

ಹಾಗೇ ಮಾಡಿದರು. ಒಬ್ಬರ ಕೈ ಒಬ್ಬರು ನೋಡುತ್ತಲೇ ಉಂಡರು. ಕೆಲವು ವಾರಗಳಲ್ಲಿ ಪಕ್ಕೀರವ್ವನ ನೋವು ಮರಳಿತು, ಅದೂ ತಾನೇ ಮಾಡಿದ ಅಡುಗೆ ಉಂಡು! ಈಗ ಯಾರ ಮೇಲೆ ಹಾಕುವುದು? ನೀರೇ ಎನ್ನೋಣವೆಂದರೆ ಮುದಕಮ್ಮನ ಮನೆಯವರೂ ಅದೇ ಬಾವಿಯದು ಕುಡಿಯುತ್ತಿದ್ದರು. ಜೋಳವೇ ಎಂದರೆ ಮಗ ಅದೇ ರೊಟ್ಟಿ ತಿಂದು ಗಟ್ಟಿಯಾಗಿದ್ದ. ಉಳಿದದ್ದು ಪುಂಡಿಪಲ್ಯ. ಅದನ್ನು ಮುದಕಮ್ಮ ಗಡಿಗೆಯಲ್ಲಿ ಮಾಡುತ್ತಿದ್ದಳು, ಇವರು ಸೊಸೆ ತಂದ ಹಿತ್ತಾಳೆ ಬೋಗಾಣಿಯಲ್ಲಿ. ಆ ಹುಳಿ ಮರುದಿನದವರೆಗೂ ಅದರಲ್ಲೇ ಇರುತ್ತಿತ್ತು. ತಳ ಬಳಿದು ಉಣ್ಣುವವಳು ದುರುಗವ್ವ.

ಪಕ್ಕೀರವ್ವ ಬೋಗಾಣಿಯ ಒಳಗೆ ಬೆರಳಿಟ್ಟು ಉಜ್ಜಿದಳು. ಬೆಳ್ಳಗೆ ಹೊಳೆಯಬೇಕಾದ ತವರದ ಕಲಾಯಿ ಮಂಕಾಗಿತ್ತು. ಬೆರಳು ಕಪ್ಪಾಯಿತು.

ಅತ್ತೆ ಸೊಸೆ ಇಬ್ಬರೂ ಚಕ್ಕಡಿ ಏರಿ, ಕಲಾಯಿ ಹಾಕಿದ್ದ ಉಮರಸಾಬನನ್ನು ಹುಡುಕಿಕೊಂಡು ಕೊಪ್ಪಳಕ್ಕೆ ಹೋದರು. ಅವನು ಮನೆಯ ಕಟ್ಟೆಯ ಮೇಲೆ ಕೂತಿದ್ದ. ಮಣಿಕಟ್ಟಿನಿಂದ ಕೈಗಳು ಜೋತುಬಿದ್ದಿದ್ದವು. ಹೆಂಡತಿ ಜೈನಾಬೀ ಅವನಿಗೆ ಚಹಾ ಕುಡಿಸುತ್ತಿದ್ದಳು.

“ಏನ ಬಳದೀ ಇದಕ್ಕ?” ಪಕ್ಕೀರವ್ವ ಬೋಗಾಣಿಯನ್ನು ಅವನ ಮುಂದೆ ಕುಕ್ಕಿದಳು.

“ಲಡಾಯಿ ಹತ್ತಿದಮ್ಯಾಲ ತವರ ಸಿಗವಲ್ದು ತಾಯಿ. ಸೀಸ ಜಾಸ್ತಿ ಬೆರಸಿ ಮಾಡೀನಿ. ಎಲ್ಲಾರೂ ಹಂಗ ಮಾಡ್ಯಾರ.”

“ನಿನ್ನ ಕೈಗೇನಾತು?”

“ಹೊಟ್ಟಿ ನೋವು ಬಂತು, ಆಮ್ಯಾಲ ಕೈ ಹೋದ್ವು. ಯಾರೋ ಮಾಟ ಮಾಡ್ಸ್ಯಾರ್ರಿ. ನಮ್ಮ ಸಡ್ಡಕನ ಮ್ಯಾಲ ಗುಮಾನಿ ಐತಿ.”

ಬೈಯಲೆಂದೇ ಬಂದಿದ್ದ ಪಕ್ಕೀರವ್ವ ಆ ಕೈಗಳನ್ನೇ ನೋಡಿದಳು. “ಆ ಸೀಸದ ಕೆಲಸ ಬಿಡಪಾ ಮೊದಲ,” ಎಂದಳು. “ಸಡ್ಡಕನ ಸುದ್ದಿ ಆಮ್ಯಾಲ.”

ಮನೆಯಲ್ಲಿ ಮತ್ತೆ ಗಡಿಗೆ ಒಲೆ ಏರಿತು, ಬೋಗಾಣಿಯಲ್ಲಿ ಸಗಣಿ ಕಲಸಿದರು. ಇಬ್ಬರ ನೋವೂ ನಿಧಾನವಾಗಿ ಹೋಯಿತು. ದುರುಗವ್ವನಿಗೆ ಮುಂದೆ ಹೆಣ್ಣು ಕೂಸು ಹುಟ್ಟಿತು. ಆದರೆ ಮದ್ದಿನ ಮಾತು ಓಣಿ ಬಿಟ್ಟು ಹೋಗಲಿಲ್ಲ. ತೊಟ್ಟಿಲ ದಿನ ಮುದಕಮ್ಮ ಉಣ್ಣದೆ ಎದ್ದಾಗ ಪಕ್ಕೀರವ್ವ ಸೊಸೆಯ ತಾಟಿನಿಂದಲೇ ತುತ್ತೆತ್ತಿ, ಎಲ್ಲರ ಮುಂದೆ ಬಾಯಿಗಿಟ್ಟುಕೊಂಡಳು.

ಅವಳ ಸಂಶಯದ ಬುದ್ಧಿಯೇನೂ ಹೋಗಲಿಲ್ಲ. ಸಾಯುವವರೆಗೂ ಯಾರ ಮನೆಗೆ ಉಣ್ಣಲು ಕರೆದರೂ ಮೊದಲು ಅಡುಗೆಮನೆಗೆ ಹೊಕ್ಕು, ಪಾತ್ರೆಯ ಒಳಗೆ ಉಗುರಿನಿಂದ ಕೆರೆದು ನೋಡುತ್ತಿದ್ದಳು.