ಅರಿಶಿನದ ಬಟ್ಟೆ ಮುಚ್ಚಿದ ಸಂದು

ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಸರಿಯಾಗಿ ತಲೆಯ ಮೇಲೆ ‘ಲಟಕ್’ ಅಂತು. ಟೈಮು ಹೇಗೆ ಗೊತ್ತು ಅಂತೀರಾ? ಹೆದರಿದವನು ಮೊದಲು ವಾಚು ನೋಡುತ್ತಾನೆ. (ಯಾಕೆ ಅಂತ ನನಗೂ ಗೊತ್ತಿಲ್ಲ.)

ಮಳವಳ್ಳಿಯಲ್ಲಿ ನನ್ನ ಹೆಂಡತಿಯ ತಮ್ಮ ಶಿವಣ್ಣನ ಹೊಸಮನೆಯ ಗೃಹಪ್ರವೇಶ. ಎಲೆಗೆ ಪಾಯಸ ಬೀಳುತ್ತಿದ್ದ ಹೊತ್ತು.

ಆ ಮನೆಯ ಹಜಾರಕ್ಕೆ ಇಪ್ಪತ್ತಡಿ ತೊಲೆ ಬೇಕಿತ್ತು. ಅಷ್ಟು ದಪ್ಪ, ಅಷ್ಟು ಉದ್ದದ ಮರ ಮಂಡ್ಯದಲ್ಲೂ ಸಿಗಲಿಲ್ಲ, ಮದ್ದೂರಿನಲ್ಲೂ ಸಿಗಲಿಲ್ಲ. ಸರಿ, ಐದು ಹಲಗೆ ಒಂದರ ಮೇಲೊಂದಿಟ್ಟು, ಗೋಂದು ಹಾಕಿ ಬಿಗಿದು ತೊಲೆ ಮಾಡಿಸಿದ. ಮೇಲಿನ ಎರಡು ಇಡೀ ಹಲಗೆ. ಕೆಳಗಿನ ಮೂರಕ್ಕೆ ಎರಡೆರಡು ತುಂಡು ಸೇರಿಸಬೇಕಾಯಿತು.

ಎಲ್ಲಿ ಸೇರಿಸುವುದು? “ಒಂದು ಸಂದು ಇಲ್ಲಿ ಬಂದ್ರೆ ಇನ್ನೊಂದು ದೂರ ಬರ್ಬೇಕು ಸಿವಣ್ಣೋರೆ. ನಡುವ್ಕಂತೂ ಬ್ಯಾಡ” ಅಂದಿದ್ದ ಮರಗೆಲಸದ ಪುಟ್ಟಾಚಾರಿ.

ಶಿವಣ್ಣನ ಐಡಿಯಾ ಬೇರೆ. ತೊಲೆ ಏರಿಸುವಾಗ ನಟ್ಟನಡುವೆ ಅರಿಶಿನದ ಬಟ್ಟೆ ಕಟ್ಟುತ್ತೇವಲ್ಲ? ಮೂರೂ ಸಂದನ್ನು ಅದರಡಿಗೇ ತಂದರೆ ನೆಂಟರ ಕಣ್ಣಿಗೆ ತೇಪೆ ಕಾಣುವುದೇ ಇಲ್ಲ!

“ಹೆಂಗೆ ಭಾವ?” ಅಂದ. ಬಿ.ಎಸ್ಸಿ. ಓದಿದ ನಾನು “ಭೇಷ್” ಅಂದೆ. (ನನ್ನ ಫಿಸಿಕ್ಸ್ ಮೇಷ್ಟ್ರು ಕ್ಷಮಿಸಲಿ.)

ಈಗ ನೋಡಿದರೆ ಆ ಬಟ್ಟೆ ಹರಿದು, ಹಿಂದೆ ಬೆರಳು ತೂರುವಷ್ಟು ಬಿರುಕು. ಅದರ ನೇರ ಕೆಳಗೆ ಶಿವಣ್ಣನ ತಾಯಿ, ನಮ್ಮತ್ತೆ.

“ಎಲ್ಲ ಏಳಿ, ಆಚೆ ನಡೀರಿ!” ಅಂತ ಕಿರುಚಿದೆ. ಒಬ್ಬರೂ ಅಲುಗಲಿಲ್ಲ. ಪಂಕ್ತಿಯಲ್ಲಿ ಹಿರಿಯರು ಏಳದೆ ಯಾರೂ ಏಳುವಂತಿಲ್ಲ. ಅಲ್ಲಿ ಹಿರಿಯರು ಅಂದರೆ ಅತ್ತೆಯೇ!

“ಎಲೆ ಬುಟ್ಟು ಎದ್ದಾರಾ ಅಳಿಮಯ್ಯ? ಇನ್ನೂ ಮಜ್ಜಿಗೆ ಬಂದಿಲ್ಲ.”

“ಅತ್ತೆ, ತೊಲೆ ಬಿರೀತಿದೆ!”

ಇನ್ನೊಮ್ಮೆ ಲಟಕ್. ಹೆಂಚಿನ ಧೂಳು ಅವರ ಪಾಯಸಕ್ಕೇ ಉದುರಿತು. ಅತ್ತೆ ಕತ್ತೆತ್ತಿದರು.

“ಲೇ ಸಿವಾ, ತೊಲೆ ಮಾಡ್ಸಿದ್ಯೋ ಬಾಗ್ಲು ಮಾಡ್ಸಿದ್ಯೋ? ತೆರ್ಕತಾ ಅದೆ ಕಣ್ಲಾ!”

ಎದ್ದರು. ಹಿಂದೆಯೇ ಇಡೀ ಪಂಕ್ತಿ ಎದ್ದು ಓಡಿತು. ಚಪ್ಪರದ ಎರಡು ಕಂಬ ಕಿತ್ತು ತಂದು ತೊಲೆಗೆ ಆಸರೆ ಕೊಟ್ಟೆವು. ಅತ್ತೆ ಮಜ್ಜಿಗೆಗೆ ಕಾದಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ನೆನೆಯುತ್ತೇನೆ.

“ಗೋಂದಿನ ತಪ್ಪಲ್ಲ” ಅಂದ ಪುಟ್ಟಾಚಾರಿ. “ಹೊರೆ ಬಿದ್ರೆ ತೊಲೆಯ ಕೆಳಮೈ ಎಳೀತದೆ, ನಡುವ್ನಲ್ಲೇ ಜಾಸ್ತಿ. ಮೂರನ್ನೂ ಅಲ್ಲೇ ಕಡ್ದಿಟ್ರೆ ಹಿಡ್ಕಳಕ್ಕೆ ಏನದೆ?”

ಏನೂ ಇರಲಿಲ್ಲ. ತಡೆಯುವ ಜಾಗ ಬಿಟ್ಟು ಕಾಣದ ಜಾಗ ಹುಡುಕಿದ್ದೆವು. ನಾವು ಸಂಸಾರದಲ್ಲಿ, ಆಫೀಸಿನಲ್ಲಿ ಹಾಕುವ ತೇಪೆಗಳೂ ಹೀಗೇ ಅಲ್ಲವೇ?

ಪುಟ್ಟಾಚಾರಿ ಹೊಸ ತೊಲೆ ಮಾಡಿದ. ತುಂಡುಗಳ ತುದಿಯನ್ನು ಉದ್ದಕ್ಕೆ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿದ. ಒಂದೊಂದು ಸಂದು ಒಂದೊಂದು ಕಡೆ. ಆದರೂ ಅತ್ತೆ ಹಜಾರ ಬಿಟ್ಟು ಜಗುಲಿಯಲ್ಲೇ ಮಲಗತೊಡಗಿದರು. ಮಂಡ್ಯದ ನಮ್ಮ ಮನೆಯಲ್ಲಿ ಒಂದು ಲೋಟ ಬಿದ್ದರೂ ನಾನು ಎದ್ದು ಕೂರುತ್ತಿದ್ದೆ.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ ಎಲ್ಲರೂ ಮಳವಳ್ಳಿಗೆ ಹೋದೆವು. ರಾತ್ರಿ ಮಟನ್ ಸಾರು, ಮುದ್ದೆ ಉಂಡಾದ ಮೇಲೆ ಅತ್ತೆ ತೊಲೆಯಡಿಯೇ ಚಾಪೆ ಹಾಸಿದರು, ನಾನೂ ಪಕ್ಕದಲ್ಲಿ ಹಾಸಿದೆ. ಅಂದು ಇಬ್ಬರಿಗೂ ಬೆಳಗಿನ ತನಕ ಎಚ್ಚರವೇ ಇಲ್ಲ.

ಆಚಾರಿಯ ಓರೆ ಕೊಯ್ತದ ಗುಣವೋ, ಬಾಡೂಟದ ಗುಣವೋ?