ಇಸಡೋರಾಳ ಮದುವೆ ಕೌದಿ

ನಮ್ಮ ಹೆಮ್ಲಾಕ್ ಕಾರ್ನರ್ಸ್ ಊರಿನಲ್ಲಿ ಇಬ್ಬರು ಮಹಾಶೂರರಿದ್ದರು. ಮೊದಲನೆಯವರು ಕಾದಂಬರಿಕಾರ್ತಿ ಮಿಸೆಸ್ ಫಿಲೂರಾ ಡ್ಯಾನ್‌ಫರ್ತ್. ನ್ಯೂಯಾರ್ಕಿನ ವಾರಪತ್ರಿಕೆಯಲ್ಲಿ ಅವರ ಕಥಾನಾಯಕಿ ಸತ್ತರೆ ದೇಶಕ್ಕೆ ದೇಶವೇ ಮೂಗು ಒರೆಸಿಕೊಳ್ಳುತ್ತಿತ್ತು. ಎರಡನೆಯವಳು ಟ್ರೈಫೀನಾ ಗೋಲ್ಡ್. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಹಟ. ಊರಿನ ಪ್ರತಿ ಮದುಮಗಳ ಕೌದಿಗೂ ಅವಳೇ ದಂಡನಾಯಕಿ. ತನಗೆಂದು ಮಾತ್ರ ಒಂದು ಕೌದಿಯೂ ಹೊಲಿಗೆಯ ಚೌಕಟ್ಟಿಗೆ ಏರಲಿಲ್ಲ.

ಹೆಣ್ಣಿಗೆ ಮದುವೆ ಗೊತ್ತಾಯಿತೆಂದರೆ ಊರ ಹೆಂಗಸರೆಲ್ಲ ಒಂದೊಂದು ತುಂಡು ಹೊಲಿದು, ಅದರ ಮೇಲೆ ತಂತಮ್ಮ ಹೆಸರನ್ನು ಕಸೂತಿ ಹಾಕುತ್ತಿದ್ದರು. ಕೌದಿ ಚೌಕಟ್ಟಿಗೆ ಏರಿದ ಮೇಲೆ ಮದುವೆ ನಿಲ್ಲುವಂತಿಲ್ಲ. ನಿಂತರೆ ಹೆಸರು ಹಾಕಿದವರಿಗೆಲ್ಲ ಕೇಡು.

ಹೊಲಿಯುವಾಗ ಮಿಸೆಸ್ ಡ್ಯಾನ್‌ಫರ್ತ್ ಅವರ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದವರು ಪಾದ್ರಿಯವರ ಹೆಂಡತಿ. ಕಾದಂಬರಿ ಸೈತಾನನ ಕೈಕೆಲಸ ಎಂದು ಪಾದ್ರಿಗಳು ಭಾನುವಾರ ಸಾರುತ್ತಿದ್ದರು. ಮುಂದೇನಾಯಿತೆಂದು ಸೋಮವಾರ ಹೆಂಡತಿಯನ್ನು ಕೇಳುತ್ತಿದ್ದರು.

ಒಂದು ಚಳಿಗಾಲ ಅನಾಥೆ ಇಸಡೋರಾಳಿಗೆ ಹಡಗಿನ ಕಪ್ತಾನನೊಡನೆ ಮದುವೆ ನಿಶ್ಚಯವಾಯಿತು. ಹೆಂಗಸರು ಕುಣಿದಾಡಿದರು. ಟ್ರೈಫೀನಾ ರೂಢಿಯಂತೆ ತುಂಡುಗಳನ್ನು ಕೂಡಿಸಿ ಕೌದಿಯನ್ನು ಚೌಕಟ್ಟಿಗೆ ಏರಿಸಿಯೇಬಿಟ್ಟಳು. ಮದುಮಗಳು ಧಾರಾವಾಹಿಯೊಳಗಿನ ಕಾಗದದವಳೆಂಬುದು ಯಾರ ನೆನಪಿಗೂ ಬರಲಿಲ್ಲ. ಮುಂದಿನ ವಾರ ಇಸಡೋರಾ ಕೆಮ್ಮಿದಳು.

“ಕೆಮ್ಮಿದ್ಲಾ?” ಟ್ರೈಫೀನಾಳ ಸೂಜಿ ನಿಂತಿತು.

“ಹೂಂ ಕಣೇ. ಕರ್ಚೀಫಲ್ಲಿ ರಕ್ತ ಬೇರೆ,” ಎಂದರು ಪಾದ್ರಿಯವರ ಹೆಂಡತಿ.

ಮಿಸೆಸ್ ಡ್ಯಾನ್‌ಫರ್ತ್ ಕಥೆಯಲ್ಲಿ ಕೆಮ್ಮಿದವರು ಯಾರೂ ಬದುಕಿದ್ದಿಲ್ಲ. ಟ್ರೈಫೀನಾ ಟೋಪಿ ಬಿಗಿದು, ಒಣಸೇಬಿನ ಪೈ ಎಂಬ ಆಯುಧವನ್ನು ಹಿಡಿದು, ಮೊಣಕಾಲುದ್ದ ಹಿಮದಲ್ಲಿ ಲೇಖಕಿಯ ಮನೆಗೆ ದಂಡೆತ್ತಿ ಹೋದಳು.

“ಆ ಹುಡುಗೀನ ಸಾಯಿಸ್ತೀರಾ?”

“ಬರ್ದಾಯ್ತು ಟ್ರೈಫೀನಾ. ಎಷ್ಟು ಚೆನ್ನಾಗಿ ಸಾಯ್ತಾಳೆ ಅಂದ್ರೆ, ನಾನೇ ಅತ್ತುಬಿಟ್ಟೆ.”

“ಅಳಿ, ಯಾರು ಬೇಡ ಅಂದೋರು. ಅವಳ ಕೌದಿ ಚೌಕಟ್ಟಿಗೇರಿದೆ.”

ಮಿಸೆಸ್ ಡ್ಯಾನ್‌ಫರ್ತ್ ಕೂಡ ಇದೇ ಊರಲ್ಲಿ ಹುಟ್ಟಿದವರು. ಅವರ ಮುಖ ಬಿಳುಚಿತು. “ಅಯ್ಯೋ ಹುಚ್ಚೀ, ಅವಳು ಕಥೆಯವಳು ಕಣೇ!”

“ಅದನ್ನ ಮೊದ್ಲೇ ಹೇಳ್ಬೇಕಿತ್ತು. ಈಗ ಎಲ್ರೂ ಹೆಸರು ಹಾಕಿ ಆಯ್ತು. ನಿಮ್ಮಮ್ಮನೂ ಹಾಕಿದಾರೆ.”

ಮಿಸೆಸ್ ಡ್ಯಾನ್‌ಫರ್ತ್ ಪೈ ತಿಂದರು. ತಿಂದಾದ ಮೇಲೆ ಆ ಅಮೋಘ ಸಾವನ್ನು ಒಲೆಗೆ ಹಾಕಿದರು.

ಮರುವಾರ ಎಲ್ಲಿಂದಲೋ ಒಬ್ಬ ಮುದಿ ವೈದ್ಯ ಎಂಥದೋ ಕಷಾಯ ಹಿಡಿದು ಕಥೆಯೊಳಗೆ ನುಗ್ಗಿದ. ಇಸಡೋರಾ ಎದ್ದು ಕೂತಳು, ಗಂಜಿ ಕುಡಿದಳು, ಮದುವೆಯಾದಳು. ಅವಳ ಮಂಚದ ಮೇಲೆ ನಮ್ಮ ಕೌದಿಯೇ ಹಾಸಿತ್ತು. ಮೂಲೆಯಲ್ಲಿದ್ದ ಸೊಟ್ಟ ನಕ್ಷತ್ರವನ್ನೂ ಲೇಖಕಿ ಬಿಟ್ಟಿರಲಿಲ್ಲ. ಅದನ್ನು ಹೊಲಿದ ಮಿಸೆಸ್ ಕ್ರೇನ್ ಹಿಮ ಕರಗುವವರೆಗೂ ಅವರೊಡನೆ ಮಾತು ಬಿಟ್ಟರು.

ಈಗ ಕೌದಿಯನ್ನು ಕೊಡುವುದು ಯಾರಿಗೆ? ಹೆಂಗಸರು ತಲೆ ಕೆರೆದುಕೊಳ್ಳುತ್ತಿರುವಾಗ ಟ್ರೈಫೀನಾ ಅದನ್ನು ಮಡಿಸಿ ಕಂಕುಳಿಗೆ ಸೇರಿಸಿದಳು. “ಹುಡುಗಿ ಬರೋವರ್ಗೂ ನಾನು ಬೆಚ್ಚಗಿಟ್ಟಿರ್ತೀನಿ.”

ಅಂದಿನಿಂದ ಪ್ರತಿ ಚಳಿಗಾಲವೂ ಅವಳು ಊರ ಹೆಂಗಸರೆಲ್ಲರ ಹೆಸರು ಹೊದ್ದು ಮಲಗುತ್ತಾಳೆ.

“ಇಸಡೋರಾ ಇನ್ನೂ ಬರ್ಲಿಲ್ವೇನೇ?” ಎಂದು ನಾವು ಕೆಣಕುತ್ತೇವೆ.

“ಗಂಡನ ಜೊತೆ ಹಡಗಲ್ಲಿದಾಳೆ,” ಎನ್ನುತ್ತಾಳೆ ಟ್ರೈಫೀನಾ, ಕೌದಿಯನ್ನು ಕತ್ತಿನವರೆಗೆ ಎಳೆದುಕೊಂಡು. “ಅಲ್ಲಿ ಒಂದೇ ಸಮ ಸೆಖೆಯಂತೆ.”